ಎದೆನೋವಿನ ಪಕ್ಕ ಕೂತವರು

ನಮ್ಮ ಮನೆಯಲ್ಲಿ ಎದೆನೋವಿಗೆ ಮೊದಲಿನಿಂದಲೂ ಒಂದೇ ಹೆಸರು, ವಾಯು. ಅಜ್ಜಿಗೆ ಎದೆ ಹಿಡಿದರೂ ವಾಯು, ಚಿಕ್ಕಮ್ಮನಿಗೆ ಬೆನ್ನು ಸೆಳೆದರೂ ವಾಯು, ಹಲಸಿನ ಹಣ್ಣು ತಿಂದು ಮಕ್ಕಳಿಗೆ ಹೊಟ್ಟೆ ಉಬ್ಬಿದರೂ ವಾಯುವೇ. ಅದಕ್ಕೆ ಓಮದ ಕಷಾಯ, ಇಂಗು ಹಾಕಿದ ಮಜ್ಜಿಗೆ, ಬಿಸಿ ಉಪ್ಪಿನ ಗಂಟಿನ ಶಾಖ. ಹತ್ತರಲ್ಲಿ ಒಂಬತ್ತು ಸಲ ಅದರಿಂದಲೇ ವಾಸಿಯಾಗುತ್ತಿತ್ತು. ಹತ್ತನೆಯ ಸಲದ ಕಥೆಯನ್ನು ಯಾರೂ ಹೇಳುತ್ತಿರಲಿಲ್ಲ.

ನಮ್ಮ ಪಾಲಿಗೆ ಆ ಹತ್ತನೆಯ ಸಲ ಬಂದದ್ದು 2009ರ ಮಾರ್ಚ್ ತಿಂಗಳಲ್ಲಿ. ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದ ಅಮ್ಮ ಕಾವಲಿ ಕೆಳಗಿಳಿಸಿ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. ಬೆನ್ನಿನ ನಡುವೆ ಯಾರೋ ಒತ್ತಿ ಹಿಡಿದ ಹಾಗೆ ಆಗುತ್ತಿದೆ ಎಂದಳು. ದವಡೆ ಸೆಳೆಯುತ್ತಿತ್ತು, ವಾಕರಿಕೆ ಬರುತ್ತಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು.

"ಡಾಕ್ಟರ ಹತ್ತಿರ ಹೋಗೋಣವಾ ಅಮ್ಮ?" ಎಂದೆ.

"ಎಂಥದೂ ಇಲ್ಲ ಮಾರಾಯ್ತಿ. ರಾತ್ರಿ ತಿಂದ ಕಡಲೆ ಉಸಲಿ ವಾಯು ಮಾಡಿದೆ. ನೀನು ಶಾಲೆಗೆ ಹೋಗು, ಮಕ್ಕಳಿಗೆ ಪರೀಕ್ಷೆ ಅಲ್ವಾ?"

ನಾನು ಓಮದ ಕಷಾಯ ಕುದಿಸಿ ಕೊಟ್ಟು ಶಾಲೆಗೆ ಹೋದೆ. ಸಂಜೆ ಐದಕ್ಕೆ ಬಂದು ನೋಡಿದರೆ ಅಮ್ಮ ಚಾಪೆಯ ಮೇಲೆ ಹಾಗೇ ಒರಗಿದ್ದಳು. ಕೈ ಹಿಡಿದೆ. ಬೆರಳಿನಿಂದ ಮೊಣಕೈವರೆಗೆ ತಣ್ಣಗಾಗಿತ್ತು. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್. ಬಾಡಿಗೆ ಕಾರಿನಲ್ಲಿ ಆ ದಾರಿ ಅಷ್ಟು ಉದ್ದವೆಂದು ನನಗೆ ಅದೇ ಮೊದಲು ತಿಳಿದದ್ದು. ಇ.ಸಿ.ಜಿ. ನೋಡಿದ ಡಾಕ್ಟರು, "ಇದು ಬೆಳಿಗ್ಗೆಯೇ ಆಗಿದೆ. ಆಗಲೇ ತಂದಿದ್ದರೆ ಹೃದಯದ ಸ್ನಾಯು ಇನ್ನಷ್ಟು ಉಳಿಯುತ್ತಿತ್ತು," ಎಂದರು. ಬೈಯಲಿಲ್ಲ, ಸುಮ್ಮನೆ ಹೇಳಿದರು. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಅಮ್ಮ ಬದುಕಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆವು. ನಾನು ಇತಿಹಾಸ ಕಲಿಸುವವಳು. ಕೈಚೀಲದಲ್ಲಿ ಶಾಲೆಯ ಲೈಬ್ರರಿಯಿಂದ ತಂದ ಚೀನಾದ ಪ್ರಾಚೀನ ಅವಶೇಷಗಳ ಬಗೆಗಿನ ಒಂದು ಪುಸ್ತಕವಿತ್ತು. ಅಮ್ಮ ನಿದ್ದೆ ಹೋದಾಗ ಸ್ಟೂಲಿನ ಮೇಲೆ ಕೂತು ಅದನ್ನು ತಿರುವುತ್ತಿದ್ದೆ. ಹಾಗೆ ತಿರುವುವಾಗ ಒಬ್ಬ ಹೆಂಗಸು ಎದುರಾದಳು. ಅವಳಿಗೂ ಎದೆನೋವು ಬಂದಿತ್ತು, ಎರಡು ಸಾವಿರದ ನೂರು ವರ್ಷಗಳಿಗೂ ಹಿಂದೆ.

ಅವಳ ಹೆಸರು ಶಿನ್ ಜೂಯಿ. ಚೀನಾದ ಹಾನ್ ವಂಶದ ಕಾಲದಲ್ಲಿ ಚಾಂಗ್‌ಶಾ ಎಂಬ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದವನ ಹೆಂಡತಿ. 1972ರಲ್ಲಿ ಚಾಂಗ್‌ಶಾ ನಗರದ ಹೊರವಲಯದ ಮಾವಾಂಗ್‌ದುಯಿ ಎಂಬ ದಿಬ್ಬವನ್ನು ಅಗೆದಾಗ ಅವಳ ಸಮಾಧಿ ಸಿಕ್ಕಿತು. ಒಂದರೊಳಗೊಂದು ಇಟ್ಟ ಪೆಟ್ಟಿಗೆಗಳು, ಸುತ್ತ ಇದ್ದಿಲು ಮತ್ತು ಬಿಳಿ ಜೇಡಿಮಣ್ಣಿನ ಹೊದಿಕೆ. ಒಳಗಿನ ದೇಹ ಕೆಟ್ಟಿರಲಿಲ್ಲ. ಚರ್ಮ ಮೆತ್ತಗಿತ್ತು, ಕೀಲುಗಳು ಬಾಗುತ್ತಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ವೈದ್ಯರು ಶವಪರೀಕ್ಷೆ ಮಾಡಿದರು. ಎತ್ತರ 154 ಸೆಂಟಿಮೀಟರ್, ವಯಸ್ಸು ಸುಮಾರು 50. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಗಟ್ಟಿಯಾಗಿ ಕೂತು ದಾರಿ ಕಿರಿದಾಗಿತ್ತು. ಪಿತ್ತಕೋಶದ ಕಡೆ ಕಲ್ಲುಗಳಿದ್ದವು. ಜೀರ್ಣಾಂಗಗಳಲ್ಲಿ ನೂರಕ್ಕೂ ಹೆಚ್ಚು ಕರಬೂಜದ ಬೀಜಗಳು! ಅಂದರೆ ಹಣ್ಣು ತಿಂದು ಬಹಳ ಹೊತ್ತಾಗುವ ಮೊದಲೇ ಅವಳು ಸತ್ತಳು. ಪಿತ್ತದ ಕಲ್ಲಿನ ನೋವು ಕೆರಳಿ, ಆ ನೋವಿನ ಹೊಡೆತಕ್ಕೆ ಮೊದಲೇ ಸೊರಗಿದ್ದ ಹೃದಯ ಸೋತಿರಬೇಕು ಎಂದು ವೈದ್ಯರು ಊಹಿಸಿದರು.

ಕರಬೂಜದ ಬೀಜ ಎಂದು ಓದಿದೊಡನೆ ನನಗೆ ಕಡಲೆ ಉಸಲಿ ನೆನಪಾಯಿತು. ಅವಳ ಮನೆಯವರೂ ಹಣ್ಣು ತಿಂದದ್ದು ಹೆಚ್ಚಾಯಿತು, ಹೊಟ್ಟೆಯ ನೋವು, ಸರಿಹೋಗುತ್ತದೆ ಎಂದುಕೊಂಡಿರಲಿಕ್ಕೂ ಸಾಕು.

ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ರೇಷ್ಮೆ ಬಟ್ಟೆಯಲ್ಲಿ ಅವಳ ಚಿತ್ರವಿದೆ. ಸ್ವಲ್ಪ ಬಾಗಿದ ಬೆನ್ನು, ಕೈಯಲ್ಲಿ ಊರುಗೋಲು, ಹಿಂದೆ ಮೂವರು ಸೇವಕಿಯರು. ಸಮಾಧಿಯಲ್ಲಿ ಚಕ್ಕೆ, ಶುಂಠಿಯ ಜಾತಿಯ ಗೆಡ್ಡೆ, ಕಾಳುಮೆಣಸಿನಂಥ ಒಂದು ಕಾಳು, ಸುವಾಸನೆಯ ಮೊಗ್ಗುಗಳು ಎಲ್ಲ ಸಿಕ್ಕಿವೆ. ಅವಳ ಹೆಸರು ಉಳಿಯಿತು, ಗಂಡನ ಹೆಸರು ಉಳಿಯಿತು. ಕರಬೂಜ ಹೆಚ್ಚಿಕೊಟ್ಟವಳು ಯಾರು, ನೋವು ಬಂದಾಗ ಬೆನ್ನು ನೀವಿದವಳು ಯಾರು, ಕೊನೆಗೆ ಕೈ ತಣ್ಣಗಾದದ್ದನ್ನು ಮೊದಲು ಕಂಡವಳು ಯಾರು ಎಂಬುದು ಉಳಿಯಲಿಲ್ಲ. ಆ ಮೂವರಲ್ಲಿ ಒಬ್ಬಳಿರಬಹುದು. ಅಂದಿನಿಂದ ನನಗೆ ಆ ಮೂವರ ಮೇಲೆಯೇ ಕಣ್ಣು. ಚೀನಾದಲ್ಲಿ ಎದೆನೋವಿನವರ ಪಕ್ಕ ಯಾರು ಕೂತಿದ್ದರು, ಏನು ಮಾಡುತ್ತಿದ್ದರು ಎಂದು ಹುಡುಕುತ್ತಾ ಹೋದೆ. ವರ್ಷಗಟ್ಟಲೆ ಬಿಡುವಿನಲ್ಲಿ ಓದಿ ತಿಳಿದದ್ದರಲ್ಲಿ ಒಂದಿಷ್ಟನ್ನು ಇಲ್ಲಿ ಹೇಳುತ್ತೇನೆ.

ಚೀನೀ ವೈದ್ಯದ ಮೂಲಗ್ರಂಥ ಹುವಾಂಗ್‌ದಿ ನೇಯ್‌ಜಿಂಗ್ ರೂಪುಗೊಂಡದ್ದು ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ. ಅದರಲ್ಲಿ ಎದೆನೋವುಗಳ ಹಲವು ಬಗೆಯನ್ನು ಹೇಳಿ, ಕೊನೆಗೆ ನಿಜವಾದ ಹೃದಯದ ನೋವು ಎಂಬ ಒಂದನ್ನು ಬೇರೆ ಮಾಡಿದ್ದಾರೆ. ಅದು ಬಂದರೆ ಕೈಕಾಲು ಕೀಲುಗಳವರೆಗೆ ತಣ್ಣಗಾಗುತ್ತವೆ, ಬೆಳಿಗ್ಗೆ ಬಂದರೆ ಸಂಜೆಗೆ ಸಾವು, ಸಂಜೆ ಬಂದರೆ ಬೆಳಿಗ್ಗೆಗೆ ಸಾವು ಎಂಬುದು ಅದರ ಸಾರಾಂಶ. ಇದನ್ನು ಮೊದಲು ಓದಿದ ದಿನ ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಬೆಳಿಗ್ಗೆ ಮತ್ತು ಸಂಜೆ. ನನ್ನ ಅಮ್ಮನನ್ನು ನಾನು ಬಿಟ್ಟುಹೋದದ್ದು ಅಷ್ಟೇ ಹೊತ್ತು.

ಆ ಹಳೆಯ ವೈದ್ಯರಿಗೆ ರಕ್ತನಾಳ ಕಟ್ಟುವ ವಿಷಯ ಈಗಿನಂತೆ ತಿಳಿದಿರಲಿಲ್ಲ. ಅವರು ಹೇಳುವುದು ಪ್ರಾಣಶಕ್ತಿಯಂಥ 'ಚೀ', ಬಿಸಿ ಮತ್ತು ತಂಪು, ಹರಿವು ಮತ್ತು ತಡೆ. ಆದರೆ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ತಿಳಿದದ್ದರಲ್ಲಿ ತಪ್ಪಿಲ್ಲ. ಕೈ ತಣ್ಣಗಾಗುವುದನ್ನು ಬರೆದಿಡಬೇಕಾದರೆ ಯಾರೋ ಪಕ್ಕದಲ್ಲಿ ಕೂತು ಆ ಕೈ ಹಿಡಿದಿರಲೇಬೇಕಲ್ಲ.

ಯುರೋಪಿನಲ್ಲಿ ಈ ನೋವಿಗೆ 'ಆಂಜೈನಾ' ಎಂದು ಹೆಸರಿಟ್ಟು ವಿವರವಾಗಿ ಬರೆದವರು ಲಂಡನ್ನಿನ ಡಾಕ್ಟರ್ ವಿಲಿಯಂ ಹೆಬರ್ಡನ್. 1768ರಲ್ಲಿ ಓದಿದ ಅವರ ಲೇಖನ 1772ರಲ್ಲಿ ಅಚ್ಚಾಯಿತು. ಅವರು ತಮ್ಮ ಜೀವಮಾನದಲ್ಲಿ ಕಂಡ ಸುಮಾರು ನೂರು ರೋಗಿಗಳಲ್ಲಿ ಹೆಂಗಸರು ಮೂವರೇ ಎಂದು ಲೆಕ್ಕ ಕೊಟ್ಟಿದ್ದಾರೆ. ಲಂಡನ್ನಿನ ಹೆಂಗಸರಿಗೆ ಎದೆನೋವು ಬರುತ್ತಲೇ ಇರಲಿಲ್ಲವೋ, ಬಂದರೂ ಡಾಕ್ಟರ ಬಾಗಿಲಿಗೆ ಹೋಗುತ್ತಿರಲಿಲ್ಲವೋ? ನಮ್ಮ ಮನೆಯ ಹೆಂಗಸರನ್ನು ನೋಡಿದರೆ ಎರಡನೆಯದೇ ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಕ್ರಿ.ಶ. 200ರ ಸುಮಾರಿಗೆ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಎದೆ ಕಟ್ಟಿ, ಉಸಿರು ಚಿಕ್ಕದಾಗಿ, ನೋವು ಬೆನ್ನಿಗೆ ಹಾಯುವ ಕಾಯಿಲೆಗೆ ಔಷಧಿ ಬರೆದ. ಪಡವಲದ ಜಾತಿಯ ಒಂದು ಕಾಯಿ, ಪುಟ್ಟ ಈರುಳ್ಳಿಯಂಥ ಒಂದು ಗೆಡ್ಡೆ, ಇವನ್ನು ಅಕ್ಕಿಯ ಮದ್ಯದಂಥ ಪಾನೀಯದಲ್ಲಿ ಕುದಿಸಿ ಬತ್ತಿಸಬೇಕು. ಆ ಕಾಯಿಲೆಯನ್ನು ಚೀನೀಯರು ಈಗಲೂ 'ಶಿಯೊಂಗ್ ಬೀ', ಅಂದರೆ ಎದೆಯ ಕಟ್ಟು ಎಂದೇ ಕರೆಯುತ್ತಾರೆ. ಕೊರೋನರಿ ಹೃದ್ರೋಗವನ್ನು ಅಲ್ಲಿಯ ಸಾಂಪ್ರದಾಯಿಕ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಈ ಹೆಸರಿನಡಿಯಲ್ಲೇ ನೋಡುತ್ತಾರೆ.

ಔಷಧಿ ಬರೆದವನ ಹೆಸರು ಗೊತ್ತು. ಕುದಿಸಿದವರು? ಚೀನಾದಲ್ಲಿ ಹಿಂದೆ ದಾದಿಯರೆಂಬ ಬೇರೆ ವರ್ಗವೇ ಇರಲಿಲ್ಲ. ವೈದ್ಯ ನಾಡಿ ನೋಡಿ ಚೀಟಿ ಬರೆದು ಹೋಗುತ್ತಿದ್ದ. ಮಣ್ಣಿನ ಮಡಕೆಯಲ್ಲಿ ಬೇರು ನಾರು ನೆನೆಸುವುದು, ಉರಿ ಹದ ಮಾಡುವುದು, ಪರಿಮಳದ ಸಾಮಾನನ್ನು ಕೊನೆಗೆ ಹಾಕುವುದು, ಸೋಸಿ ಉಗುರುಬೆಚ್ಚಗೆ ಕುಡಿಸುವುದು ಮನೆಯವರ ಕೆಲಸ. ಮೂರು ಪಾಲು ಚಿಕಿತ್ಸೆಯಾದರೆ ಏಳು ಪಾಲು ಆರೈಕೆ ಎಂಬರ್ಥದ ಮಾತು ಅವರಲ್ಲಿ ಗಾದೆಯಾಗಿಯೇ ಇದೆ. ಆ ಏಳು ಪಾಲಿನ ಇತಿಹಾಸವನ್ನು ಬರೆದವರು ಮಾತ್ರ ಕಡಿಮೆ.

ಕಡಿಮೆ ಎಂದರೆ ಇಲ್ಲವೇ ಇಲ್ಲವೆಂದಲ್ಲ. ಹನ್ನೊಂದನೆಯ ಶತಮಾನದಲ್ಲಿ, ಸೊಂಗ್ ವಂಶದ ಕಾಲದಲ್ಲಿ, ಚೆನ್ ಜಿ ಎಂಬ ಒಬ್ಬ ತಾಲ್ಲೂಕು ಅಧಿಕಾರಿ ಮುಪ್ಪಿನ ತಂದೆತಾಯಿಯರನ್ನು ಸಾಕುವುದು ಹೇಗೆಂದು ಒಂದು ಪುಸ್ತಕ ಬರೆದ. ಮುದುಕರಿಗೆ ಕಾಯಿಲೆ ಬಂದರೆ ಮೊದಲು ಆಹಾರದಿಂದ ಸರಿಪಡಿಸಲು ನೋಡಬೇಕು, ಅದರಿಂದಾಗದಿದ್ದರೆ ಔಷಧಿ ಎನ್ನುವುದು ಅವನ ಕ್ರಮ. ಅಕ್ಕಿಯ ಗಂಜಿಗಳ ಉದ್ದ ಪಟ್ಟಿಯೇ ಅದರಲ್ಲಿದೆ. ಮುದುಕರ ಮಂಚ, ಕುರ್ಚಿಗಳು ಮಾಮೂಲಿಗಿಂತ ತಗ್ಗಾಗಿರಬೇಕು, ಕೂತರೆ ಪಾದ ನೆಲಕ್ಕೆ ತಾಗಬೇಕು ಎನ್ನುವಷ್ಟು ಸೂಕ್ಷ್ಮ ಅವನಿಗಿತ್ತು. 1307ರಲ್ಲಿ ಇನ್ನೊಬ್ಬ ಇದನ್ನು ಬೆಳೆಸಿ ದೊಡ್ಡ ಗ್ರಂಥ ಮಾಡಿದ. ಪುಸ್ತಕ ಮಾತನಾಡುವುದೆಲ್ಲ ಮಗನ ಕರ್ತವ್ಯದ ಬಗ್ಗೆ. ಗಂಜಿ ಬೇಯಿಸಿದವಳು ಸೊಸೆ ಎಂಬುದನ್ನು ಓದುವ ನಾವು ಸೇರಿಸಿಕೊಳ್ಳಬೇಕು!

ಇನ್ನೊಬ್ಬಾಕೆಯ ಹೆಸರನ್ನು ನಾನು ಪ್ರತಿ ವರ್ಷ ನನ್ನ ತರಗತಿಯ ಹುಡುಗಿಯರಿಗೆ ಹೇಳುತ್ತೇನೆ. ತಾನ್ ಯುನ್‌ಶಿಯೆನ್, ಹುಟ್ಟಿದ್ದು 1461ರಲ್ಲಿ, ಮಿಂಗ್ ವಂಶದ ಕಾಲ. ವೈದ್ಯ ಕಲಿತದ್ದು ಅಜ್ಜಿಯಿಂದ. ಗಂಡಸು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳಲಾಗದ ಹೆಂಗಸರು ಅವಳ ಬಳಿ ಬರುತ್ತಿದ್ದರು. 1511ರಲ್ಲಿ, ತನ್ನ ಐವತ್ತನೆಯ ವಯಸ್ಸಿನಲ್ಲಿ, ತಾನು ನೋಡಿದ 31 ಹೆಂಗಸರ ಕಾಯಿಲೆಗಳನ್ನು ಪುಸ್ತಕ ಮಾಡಿದಳು. ಹೆಣ್ಣಾದ್ದರಿಂದ ತಾನೇ ಹೊರಗೆ ಹೋಗಿ ಅಚ್ಚುಹಾಕಿಸಲಾಗದೆ ಮಗನ ಕೈಯಲ್ಲಿ ಮರದ ಅಚ್ಚು ಕೊರೆಸಿದಳು. ಕಾಯಿಲೆಯ ಬೇರನ್ನು ಅವಳು ಹುಡುಕಿದ್ದು ಹೆಂಗಸಿನ ದುಡಿತದಲ್ಲಿ, ನುಂಗಿಕೊಂಡ ಸಿಟ್ಟಿನಲ್ಲಿ, ದುಃಖದಲ್ಲಿ. ಏನು ತಿಂದೆ ಎಂದು ಕೇಳುವ ವೈದ್ಯರು ಎಷ್ಟೋ ಮಂದಿ, ಏನು ನುಂಗಿಕೊಂಡೆ ಎಂದು ಕೇಳುವವರು ಎಷ್ಟು ಮಂದಿ?

ಶುಶ್ರೂಷೆ ಒಂದು ವೃತ್ತಿಯಾಗಿ ಚೀನಾಕ್ಕೆ ಬಂದದ್ದು ಮಿಷನರಿ ಆಸ್ಪತ್ರೆಗಳ ಮೂಲಕ. 1884ರಲ್ಲಿ ಎಲಿಜಬೆತ್ ಮೆಕೆಕ್ನಿ ಎಂಬ ತರಬೇತಾದ ನರ್ಸು ಅಮೆರಿಕದಿಂದ ಶಾಂಘೈಗೆ ಬಂದಳು. 1909ರಲ್ಲಿ ನರ್ಸುಗಳ ಸಂಘ ಹುಟ್ಟಿತು. ಆಗೆಲ್ಲ ನರ್ಸಿಗೆ ಚೀನೀ ಭಾಷೆಯಲ್ಲಿದ್ದ ಮಾತಿನ ಅರ್ಥ 'ನೋಡಿಕೊಳ್ಳುವವಳು' ಎಂದಷ್ಟೇ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕಲಿತು ಬಂದಿದ್ದ ಜೊಂಗ್ ಮಾವೊಫಾಂಗ್ ಎಂಬ ಚೀನೀ ಮಹಿಳೆ 1914ರ ಸಮ್ಮೇಳನದಲ್ಲಿ ಹೊಸ ಪದವೊಂದನ್ನು ಮುಂದಿಟ್ಟಳು, 'ಹುಶಿ'. 'ಹು' ಎಂದರೆ ಕಾಪಾಡುವುದು, 'ಶಿ' ಎಂದರೆ ವಿದ್ಯಾವಂತ ವ್ಯಕ್ತಿ, ಪಂಡಿತ. ಆ ಪದ ನಿಂತಿತು, ಚೀನೀಯರು ಇಂದಿಗೂ ನರ್ಸನ್ನು ಹಾಗೇ ಕರೆಯುತ್ತಾರೆ. ನಾವು ದಾದಿ, ನರ್ಸಮ್ಮ, ಸಿಸ್ಟರ್ ಎನ್ನುತ್ತೇವೆ. ಪಂಡಿತೆ ಎಂದು ಕರೆಯಲು ನಮಗೆ ಯಾಕೋ ಹೊಳೆದೇ ಇಲ್ಲ.

ದಾರಿ ಅಲ್ಲೇನೂ ನೇರವಾಗಿರಲಿಲ್ಲ. 1920ರಲ್ಲಿ ಪೀಕಿಂಗಿನಲ್ಲಿ ಉನ್ನತ ಮಟ್ಟದ ನರ್ಸಿಂಗ್ ಶಾಲೆ ಆರಂಭವಾಯಿತು. ಆದರೆ 1950ರ ದಶಕದ ಆರಂಭದಲ್ಲಿ ಹೊಸ ಸರ್ಕಾರ ನರ್ಸಿಂಗಿನ ಪದವಿ ಶಿಕ್ಷಣವನ್ನೇ ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು 1983ರಲ್ಲಿ, ತಿಯಾಂಜಿನ್ ನಗರದಲ್ಲಿ. ಅದೇ ವರ್ಷ ವಾಂಗ್ ಶಿಯುಯಿಂಗ್ ಎಂಬ ಹಿರಿಯ ನರ್ಸಿಗೆ ಫ್ಲಾರೆನ್ಸ್ ನೈಟಿಂಗೇಲ್ ಪದಕ ಬಂತು. ಚೀನಾಕ್ಕೆ ಅದು ಮೊದಲನೆಯದು.

ಸೊಲ್ಲಾಪುರದ ಡಾಕ್ಟರ್ ಕೋಟ್ನಿಸರ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 1938ರಲ್ಲಿ ಭಾರತದ ವೈದ್ಯ ತಂಡದೊಡನೆ ಚೀನಾಕ್ಕೆ ಹೋಗಿ, ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತಾ 1942ರಲ್ಲಿ ಅಲ್ಲೇ ತೀರಿಕೊಂಡವರು. ಅವರ ಹೆಂಡತಿ ಗುವೊ ಚಿಂಗ್‌ಲಾನ್ ಒಬ್ಬ ನರ್ಸು, ನರ್ಸಿಂಗ್ ಕಲಿಸುತ್ತಿದ್ದ ಅಧ್ಯಾಪಕಿ ಎಂಬುದು ಎಷ್ಟು ಜನಕ್ಕೆ ಗೊತ್ತು? ಕೋಟ್ನಿಸರು ಹೋದಾಗ ಕೈಯಲ್ಲಿ ನಾಲ್ಕು ತಿಂಗಳೂ ತುಂಬದ ಮಗುವಿತ್ತು. ಆಕೆ 2012ರವರೆಗೆ ಬದುಕಿದ್ದರು.

ಹಳೆಯ ವೈದ್ಯಕ್ಕೆ ಹೊಸ ಶುಶ್ರೂಷೆ ಕೂಡಿಕೊಂಡದ್ದು 1950ರ ದಶಕದಲ್ಲಿ. 1955ರಲ್ಲಿ ಪೀಕಿಂಗಿನಲ್ಲಿ ಸಾಂಪ್ರದಾಯಿಕ ವೈದ್ಯದ ಅಕಾಡೆಮಿ, 1956ರಲ್ಲಿ ಪೀಕಿಂಗ್, ಶಾಂಘೈ, ಗುವಾಂಗ್‌ಜೌ, ಚೆಂಗ್ದು ನಗರಗಳಲ್ಲಿ ನಾಲ್ಕು ಕಾಲೇಜುಗಳು ಹುಟ್ಟಿದವು. ಆಸ್ಪತ್ರೆಗಳಾದ ಮೇಲೆ ರೋಗಿಗಳು ಮಲಗತೊಡಗಿದರು. ಮಲಗಿದ ಮೇಲೆ ಮನೆಯ ಸೊಸೆ ಮಾಡುತ್ತಿದ್ದ ಕೆಲಸವನ್ನು ನರ್ಸು ಮಾಡಬೇಕಾಯಿತು. ಅವಳಿಗೆ ಕಲಿಸಲು ಪುಸ್ತಕ ಬೇಕಾಯಿತು. 1958ರಲ್ಲಿ ನಾನ್‌ಜಿಂಗ್ ನಗರದಲ್ಲಿ ಸಾಂಪ್ರದಾಯಿಕ ವೈದ್ಯದ ಶುಶ್ರೂಷೆಗೆಂದೇ ಪಠ್ಯಪುಸ್ತಕ ಬಂತು. ಏಳು ಪಾಲಿನ ಆರೈಕೆ ಅಂತೂ ಅಕ್ಷರಕ್ಕೆ ಇಳಿಯಿತು.

ಆ ಆಸ್ಪತ್ರೆಗಳಲ್ಲಿ ಹೃದಯದ ರೋಗಿಯನ್ನು ನೋಡಿಕೊಳ್ಳುವ ರೀತಿ ಹೀಗಿದೆ. ಇ.ಸಿ.ಜಿ., ಆಮ್ಲಜನಕ, ರಕ್ತ ತೆಳುಮಾಡುವ ಔಷಧಿ, ನಾಳಕ್ಕೆ ಸ್ಟೆಂಟ್ ಹಾಕುವುದು ಎಲ್ಲವೂ ಇದ್ದೇ ಇವೆ, ಅದರ ಜೊತೆಗೆ ಇದು. ನರ್ಸು ಉಷ್ಣ, ರಕ್ತದೊತ್ತಡ ಬರೆದುಕೊಳ್ಳುವಾಗ ನಾಲಿಗೆಯ ಬಣ್ಣವನ್ನೂ ನೋಡುತ್ತಾಳೆ. ಚಳಿ ಹತ್ತುವ ಪ್ರಕೃತಿಯವರಿಗೆ ಬಿಸಿಲು ಬೀಳುವ ಬೆಚ್ಚಗಿನ ಕೋಣೆ, ಸೆಖೆಯ ಪ್ರಕೃತಿಯವರಿಗೆ ಗಾಳಿಯಾಡುವ ಜಾಗ. ಊಟ ಸ್ವಲ್ಪ ಸ್ವಲ್ಪವಾಗಿ ಹಲವು ಸಲ, ಉಪ್ಪು ಕೊಬ್ಬು ಕಡಿಮೆ. ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸುವುದು. ನಿದ್ದೆ ಬರಲೆಂದು ಕಿವಿಯ ಕೆಲವು ಬಿಂದುಗಳಿಗೆ ಸಣ್ಣ ಬೀಜ ಅಂಟಿಸಿ ಆಗಾಗ ಒತ್ತುವುದು. ಮಲಬದ್ಧತೆಯಾಗದಂತೆ ಹೊಟ್ಟೆಯನ್ನು ಗಡಿಯಾರದ ಮುಳ್ಳು ಸುತ್ತುವ ಕಡೆಗೆ ಮೆಲ್ಲಗೆ ನೀವುವುದು. ಚೇತರಿಸಿಕೊಂಡ ಮೇಲೆ ಬಾದುವಾನ್‌ಜಿನ್ ಎಂಬ ಎಂಟು ನಿಧಾನ ವ್ಯಾಯಾಮಗಳು. ಇದರ ಹೆಸರು ಹನ್ನೆರಡನೆಯ ಶತಮಾನದ ಬರಹದಲ್ಲೇ ಸಿಗುತ್ತದೆ. ಶಿನ್ ಜೂಯಿಯ ಮಗನದೆಂದು ತಿಳಿಯಲಾದ ಸಮಾಧಿಯಲ್ಲಿ ಇದಕ್ಕಿಂತ ಹಳೆಯ ಒಂದು ರೇಷ್ಮೆಯ ಪಟ ಸಿಕ್ಕಿದೆ. ಅದರಲ್ಲಿ 44 ಜನ, ಗಂಡಸರೂ ಹೆಂಗಸರೂ, ಕೈಕಾಲು ಚಾಚಿ ವ್ಯಾಯಾಮ ಮಾಡುತ್ತಿದ್ದಾರೆ. ಊರುಗೋಲು ಹಿಡಿದ ತಾಯಿ ಅದನ್ನು ಎಂದಾದರೂ ಮಾಡಿದ್ದಳೋ ಇಲ್ಲವೋ.

ಮಲಬದ್ಧತೆಯ ಮಾತು ಓದಿದಾಗ ನನಗೆ ಶಿವಮೊಗ್ಗದ ವಾರ್ಡಿನ ಸಿಸ್ಟರ್ ನೆನಪಾದರು. ನನಗಿಂತ ಹತ್ತು ವರ್ಷ ಚಿಕ್ಕವರು. ಅಮ್ಮನ ದಿಂಬು ಸರಿಮಾಡುತ್ತಾ, "ಟೀಚರ್, ಅಜ್ಜಿಗೆ ಹೊಟ್ಟೆ ಕಟ್ಟದ ಹಾಗೆ ನೋಡ್ಕೊಳ್ಳಿ. ಕಕ್ಕಸಿನಲ್ಲಿ ತಿಣುಕಬಾರದು. ತಿಣುಕಿದರೆ ಎದೆ ಮೇಲೆ ಭಾರ ಬೀಳ್ತದೆ," ಎಂದಿದ್ದರು. ಡಾಕ್ಟರು ಅದನ್ನು ಹೇಳಿರಲಿಲ್ಲ, ನನಗೆ ಕೇಳಲೂ ಹೊಳೆದಿರಲಿಲ್ಲ. ಅವರು ಚೀನೀ ಪಠ್ಯ ಓದಿದವರಲ್ಲ, ಆ ಚೀನೀ ನರ್ಸುಗಳಿಗೆ ಇವರ ಪರಿಚಯವಿಲ್ಲ. ಇಬ್ಬರೂ ರೋಗಿಯ ಪಕ್ಕದಲ್ಲಿ ನಿಂತು ಒಂದೇ ವಿಷಯ ಕಂಡುಕೊಂಡಿದ್ದಾರೆ.

ಮಣಿಕಟ್ಟಿನ ಒಳಗಡೆ, ಗೆರೆಯಿಂದ ಸುಮಾರು ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ನೇಯ್‌ಗುವಾನ್ ಎಂಬ ಬಿಂದುವಿದೆ. ಎದೆಯ ತೊಂದರೆಗೆ, ವಾಕರಿಕೆಗೆ ಅಲ್ಲಿಯ ನರ್ಸುಗಳು ಅದನ್ನು ಒತ್ತುತ್ತಾರೆ. 2019ರಲ್ಲಿ ಪ್ರಕಟವಾದ ಚೀನಾದ ಒಂದು ಪರೀಕ್ಷೆಯಲ್ಲಿ ಆಗಾಗ ಎದೆನೋವು ಬರುವ 404 ಜನರನ್ನು ಗುಂಪು ಮಾಡಿ ನೋಡಿದರು. ಮಾಮೂಲಿ ಔಷಧಿಯ ಜೊತೆ ಈ ಬಿಂದುವಿನಲ್ಲೂ ಇನ್ನೊಂದರಲ್ಲೂ ಸೂಜಿ ಚಿಕಿತ್ಸೆ ಪಡೆದವರಿಗೆ ನೋವಿನ ಸರದಿ ಉಳಿದವರಿಗಿಂತ ಕಡಿಮೆಯಾಯಿತು. ಇದು ಹಳೆಯ, ಹಿಡಿತದಲ್ಲಿರುವ ಎದೆನೋವಿನ ಮಾತು. ಹೃದಯಾಘಾತವಾದಾಗ ಮಣಿಕಟ್ಟು ಒತ್ತುತ್ತಾ ಕೂತರೆ ಅದು ನನ್ನ ಓಮದ ಕಷಾಯದಂತೆಯೇ.

ಈ ಓದಿನಲ್ಲಿ ನನಗೆ ಸಿಕ್ಕ ಒಂದು ಸೋಜಿಗ ನಮ್ಮೂರಿನದೇ. ಸಾಗರದಲ್ಲಿ ಗುಡಿಗಾರರ ಉಳಿಯ ಸದ್ದು, ಗಂಧದ ಪುಡಿಯ ವಾಸನೆ ಕೇಳುತ್ತಾ ಬೆಳೆದವಳು ನಾನು. ಚೀನೀ ಭಾಷೆಯಲ್ಲಿ ಶ್ರೀಗಂಧಕ್ಕೆ 'ತಾನ್‌ಶಿಯಾಂಗ್' ಎನ್ನುತ್ತಾರೆ. ಅದರಲ್ಲಿರುವ 'ತಾನ್' ನಮ್ಮ ಸಂಸ್ಕೃತದ ಚಂದನವೇ, ಬೌದ್ಧ ಗ್ರಂಥಗಳ ಜೊತೆ ಅಲ್ಲಿಗೆ ಹೋಗಿ ಕೊನೆಯ ತುಂಡು ಉಳಿದದ್ದು. ಅವರು ಅದನ್ನು ಧೂಪಕ್ಕೆ ಮಾತ್ರವಲ್ಲ, ಎದೆನೋವಿಗೂ ಬಳಸಿದರು. 1801ರ ಸುಮಾರಿಗೆ ಚೆನ್ ಶಿಯುಯುವಾನ್ ಎಂಬ ವೈದ್ಯ ತನ್ನ ಪುಸ್ತಕದಲ್ಲಿ ಕೊಟ್ಟ ಕಷಾಯದಲ್ಲಿ ಮೂರೇ ಸಾಮಾನು: ದಾನ್‌ಶೆನ್ ಎಂಬ ಕೆಂಪು ಬೇರು, ಏಲಕ್ಕಿಯ ಜಾತಿಯ ಒಂದು ಕಾಯಿ, ಮತ್ತು ಶ್ರೀಗಂಧ. ಇಂಡಿಯಾದಿಂದ ಹೋದ ಗಂಧಕ್ಕೆ ಅಲ್ಲಿ ಹೆಚ್ಚು ಬೆಲೆ, ಮೈಸೂರು ಸೀಮೆಯ ಗಂಧದ ಹೆಸರು ಅಲ್ಲಿಯವರೆಗೂ ಹೋಗಿದೆ. ನಾವು ಸಾಣೆಕಲ್ಲಿನ ಮೇಲೆ ತೇದು ಹಣೆಗೆ ಹಚ್ಚಿಕೊಂಡ ಮರವನ್ನು ಎಲ್ಲೋ ದೂರದಲ್ಲಿ ಒಬ್ಬ ಸೊಸೆ ಮಡಕೆಯಲ್ಲಿ ಕುದಿಸಿ ಅತ್ತೆಯ ಎದೆನೋವಿಗೆ ಕುಡಿಸುತ್ತಿದ್ದಳು.

1970ರ ದಶಕದಲ್ಲಿ ಪೀಕಿಂಗಿನ ವೈದ್ಯರು ಹಳೆಯ ಚೀಟಿಗಳನ್ನು ಆಧರಿಸಿ, ದಾನ್‌ಶೆನ್ ಬೇರನ್ನು ಮುಖ್ಯವಾಗಿಟ್ಟು ಹೃದಯದ ರೋಗಕ್ಕೆ ಹೊಸ ಔಷಧಿಗಳನ್ನು ಮಾಡಿದರು. 1980ರ ದಶಕದಲ್ಲಿ ನಾಲಿಗೆಯಡಿ ಇಟ್ಟುಕೊಳ್ಳುವ ಗುಳಿಗೆಗಳು ಬಂದವು. ಎಲ್ಲವೂ ಒಳ್ಳೆಯದೇ ಆಗಲಿಲ್ಲ. ಎದೆನೋವಿಗೆ ಕೊಡುತ್ತಿದ್ದ ಒಂದು ಹೆಸರಾಂತ ಗುಳಿಗೆಯಲ್ಲಿ ಶ್ರೀಗಂಧದ ಜೊತೆ ಇದ್ದ ಇನ್ನೊಂದು ಬೇರಿನಲ್ಲಿ ಮೂತ್ರಪಿಂಡವನ್ನು ಕೆಡಿಸುವ, ಕ್ಯಾನ್ಸರಿಗೂ ಕಾರಣವಾಗುವ ವಿಷವಿರುವುದು ಗೊತ್ತಾಗಿ, 2004ರಲ್ಲಿ ಚೀನಾ ಸರ್ಕಾರವೇ ಅದನ್ನು ತೆಗೆಸಿ ಬೇರೆ ಬೇರು ಹಾಕಿಸಿತು. ದಾನ್‌ಶೆನ್ ಕೂಡ ರಕ್ತ ತೆಳುಮಾಡುವ ವಾರ್ಫರಿನ್ ಗುಳಿಗೆಯೊಡನೆ ಸೇರಿದರೆ ರಕ್ತಸ್ರಾವವಾಗುವ ಅಪಾಯವಿದೆ. ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ ಎಂದು ನಾವು ಹೇಳುವ ಮಾತು ಎಷ್ಟು ಹುಡುಗಾಟಿಕೆಯದೆಂದು ಇದರಿಂದ ಕಲಿಯಬಹುದು.

ಇನ್ನೊಂದು ಕಡೆಯನ್ನೂ ಹೇಳಬೇಕು. 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಚೀನಾದ 124 ಆಸ್ಪತ್ರೆಗಳ, ತೀವ್ರ ಹೃದಯಾಘಾತವಾದ ಮೂರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಎಲ್ಲರಿಗೂ ಇಂದಿನ ಪೂರ್ತಿ ಚಿಕಿತ್ಸೆ. ಅದರ ಮೇಲೆ ಅರ್ಧ ಜನಕ್ಕೆ ತೊಂಗ್‌ಶಿನ್‌ಲುವೊ ಎಂಬ ಸಾಂಪ್ರದಾಯಿಕ ಗುಳಿಗೆ, ಉಳಿದರ್ಧ ಜನಕ್ಕೆ ನೋಡಲು ಹಾಗೇ ಇರುವ ಪೊಳ್ಳು ಗುಳಿಗೆ. 30 ದಿನಗಳಲ್ಲಿ ಸಾವು, ಮತ್ತೊಂದು ಆಘಾತ, ಪಾರ್ಶ್ವವಾಯು ಮೊದಲಾದವು ಮೊದಲ ಗುಂಪಿನಲ್ಲಿ ನೂರಕ್ಕೆ 3.4, ಎರಡನೆಯದರಲ್ಲಿ 5.2. ಆ ಗುಳಿಗೆಯ ಹನ್ನೆರಡು ಸಾಮಾನುಗಳಲ್ಲಿ ಜಿಗಣೆ, ಚೇಳು, ಶತಪದಿಗಳ ನಡುವೆ ನಮ್ಮ ಶ್ರೀಗಂಧವೂ ಇದೆ! ನಾನು ಹೆಮ್ಮೆಪಟ್ಟೆ, ಕೂಡಲೇ ಆ ಇನ್ನೊಂದು ಮಾತನ್ನೂ ಗುರುತುಹಾಕಿಕೊಂಡೆ. ಆ ರೋಗಿಗಳೆಲ್ಲರೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ್ದವರು. ಗುಳಿಗೆ ಅವರಿಗೆ ಚಿಕಿತ್ಸೆಯ ಜೊತೆಯಾಗಿತ್ತು, ಚಿಕಿತ್ಸೆಯ ಬದಲಿಯಾಗಿರಲಿಲ್ಲ.

ಅಮ್ಮ ಆಮೇಲೆ ನಾಲ್ಕು ವರ್ಷ ಇದ್ದಳು. ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ನಾಲ್ಕು ಮಾತಾಡಿದರೆ ಏದುಸಿರು. ಆ ನಾಲ್ಕು ವರ್ಷ ನಾನು ಆ ಸಿಸ್ಟರ್ ಹೇಳಿದ್ದನ್ನೂ, ಓದಿ ತಿಳಿದದ್ದರಲ್ಲಿ ನಿರಪಾಯವಾದದ್ದನ್ನೂ ಮಾಡಿದೆ. ಡಾಕ್ಟರ ಗುಳಿಗೆಗಳನ್ನು ಬೆಳಿಗ್ಗೆ, ರಾತ್ರಿ ಎಂದು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟೆ. ಬಡಗಿಯನ್ನು ಕರೆದು ಮಂಚದ ಕಾಲು ಕೊಯ್ಯಿಸಿ ತಗ್ಗು ಮಾಡಿಸಿದೆ. ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಿದ್ದಕ್ಕೆ ಒಂದು ವಾರ ನನ್ನ ಮೇಲೆ ಮುನಿಸು. ರಾತ್ರಿ ಬೆಚ್ಚನೆ ನೀರಿನಲ್ಲಿ ಪಾದ ನೆನೆಸಿ, ಒರೆಸಿ, ಮಡಿಲಲ್ಲಿಟ್ಟುಕೊಂಡು ಊತವಿದೆಯೇ ಎಂದು ಒತ್ತಿ ನೋಡುತ್ತಿದ್ದೆ. ಒಂದು ದಿನ ಹಾಗೆ ಕೂತಿದ್ದಾಗ ಆವರೆಗೆ ಆಡದ ಮಾತು ಬಾಯಿಗೆ ಬಂತು.

"ಅವತ್ತು ನಾನು ಶಾಲೆಗೆ ಹೋಗಬಾರದಿತ್ತು ಅಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನಗೆ ಗೊತ್ತಿತ್ತು ಮಗ, ಇದು ವಾಯು ಅಲ್ಲ ಅಂತ. ನಿನ್ನ ಪರೀಕ್ಷೆ ಕೆಲಸ ಕೆಡ್ತದಲ್ಲ ಅಂತ ಹೇಳ್ಲಿಲ್ಲ," ಎಂದಳು.

ಆ ಮಾತು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಅವಳ ಮೇಲಲ್ಲ. ತನಗೆ ಬಂದ ನೋವು ಇನ್ನೊಬ್ಬರ ಕೆಲಸ ಕೆಡಿಸಬಾರದೆಂದು ನಮಗೆಲ್ಲ ಕಲಿಸಿಟ್ಟಿದ್ದಾರಲ್ಲ, ಆ ಪಾಠದ ಮೇಲೆ. ಊರಿಗೆಲ್ಲ ಬಾಣಂತನ ಮಾಡಿದವಳು, ಅತ್ತೆಯ ಕೊನೆಗಾಲಕ್ಕೆ ಮೂರು ವರ್ಷ ನಿದ್ದೆಗೆಟ್ಟವಳು, ತನ್ನ ಎದೆಗೆ ಮಾತ್ರ ವಾಯು ಎಂದು ಹೆಸರಿಟ್ಟು ಸುಮ್ಮನಾದಳು.

ಇದನ್ನು ಓದುತ್ತಿರುವ ನೀವೂ ಹೀಗೆ ಯಾರದೋ ಪಕ್ಕ ಕೂತವರೇ ಇರಬೇಕು. ಹಾಗಾಗಿ ಒಂದೇ ಒಂದು ಮಾತು. ಹೆಂಗಸರಿಗೆ ಹೃದಯಾಘಾತ ಸಿನಿಮಾದಲ್ಲಿ ತೋರಿಸುವ ಹಾಗೆ ಎಡ ಎದೆ ಹಿಡಿದುಕೊಂಡು ಬೀಳುವ ರೀತಿಯಲ್ಲೇ ಬರಬೇಕೆಂದಿಲ್ಲ. ಬೆನ್ನಿನ ಒತ್ತು, ದವಡೆಯ ಸೆಳೆತ, ತೋಳಿನ ನೋವು, ವಾಕರಿಕೆ, ತಣ್ಣನೆ ಬೆವರು, ಕಾರಣವಿಲ್ಲದ ವಿಪರೀತ ಸುಸ್ತು, ಉಸಿರು ಸಾಲದಿರುವುದು, ಹೀಗೂ ಬರುತ್ತದೆ. ಬಂದರೆ ಕಷಾಯದ ಒಲೆ ಹಚ್ಚಬೇಡಿ, 108ಕ್ಕೆ ಫೋನ್ ಮಾಡಿ. ಇ.ಸಿ.ಜಿ. ಮಾಡಿಸಿ ವಾಯು ಎಂದೇ ಗೊತ್ತಾದರೆ ನಕ್ಕುಕೊಂಡು ವಾಪಸು ಬರಬಹುದು. ಕಷಾಯ ಆಮೇಲೂ ಇರುತ್ತದೆ.

2013ರಲ್ಲಿ ಅಮ್ಮ ಹೋದಳು, ಮಲಗಿದಲ್ಲೇ, ಮುಂಜಾನೆ. ಅವಳ ಕೈ ನನ್ನ ಕೈಯಲ್ಲಿತ್ತು. ಸಾಣೆಕಲ್ಲಿನ ಪಕ್ಕ ಅವಳು ತೇದು ತೇದು ಸವೆಸಿದ ಗಂಧದ ಕೊರಡು ಈಗಲೂ ಇದೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಇತಿಹಾಸದ ಪಾಠ ಮಾಡುವಾಗ ಕೆಲವು ಸಲ ಅದನ್ನು ತರಗತಿಗೆ ಒಯ್ಯುತ್ತೇನೆ. ಹುಡುಗಿಯರು ಒಬ್ಬರಿಂದೊಬ್ಬರಿಗೆ ದಾಟಿಸಿ ಮೂಸಿ ನೋಡುತ್ತಾರೆ. ಆಮೇಲೆ ನಾನು ಮಾವಾಂಗ್‌ದುಯಿಯ ಆ ಹೆಂಗಸಿನ ಕಥೆ ಹೇಳುತ್ತೇನೆ, ಅವಳ ಬೆನ್ನ ಹಿಂದೆ ನಿಂತ ಮೂವರದನ್ನೂ.